ಮಿಲಿಟರಿ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ತಪ್ಪು ಚಳಿದಲ್ಲ!

ನಾನೊಬ್ಬ ಮೆಕ್ಯಾನಿಕ್. ಡಿಸೆಂಬರ್, ಜನವರಿ ಬಂತು ಅಂದ್ರೆ ಬೆಳಿಗ್ಗೆ ಆರು ಗಂಟೆಗೇ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ನನಗೆ ಫೋನ್ ಬರೋಕೆ ಶುರುವಾಗುತ್ತೆ. ಎಲ್ಲರದೂ ಒಂದೇ ಮಾತು: "ಅಣ್ಣಾ, ಚಳಿಗೆ ಗಾಡಿ ಸ್ಟಾರ್ಟೇ ಆಗ್ತಿಲ್ಲ."

ಇವು ಶೋರೂಮ್ ಗಾಡಿಗಳಲ್ಲ. ಸೇನೆ ಬಳಸಿ ಬಿಟ್ಟ ಜೀಪು, ಜೊಂಗಾ, ಶಕ್ತಿಮಾನ್ ಲಾರಿ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲ್ಪುರದಲ್ಲಿ ಕಟ್ಟಿದ ಲಾರಿ ಶಕ್ತಿಮಾನ್. ಜೊಂಗಾ ಕೂಡ ಅಲ್ಲಿನದೇ, ನಿಸಾನ್ ಮೂಲದ್ದು. ಎರಡೂ ತಯಾರಾಗೋದು ನಿಂತು ಎರಡು ದಶಕ ದಾಟಿದೆ. ಒಂದು ಪಾರ್ಟ್ ಮುರಿದರೆ ಗುಜರಿಯಲ್ಲಿ ಹುಡುಕಬೇಕು, ಇಲ್ಲಾ ಲೇತ್‌ನಲ್ಲಿ ಮಾಡಿಸಬೇಕು. ಅದಕ್ಕೇ ಬೆಳಿಗ್ಗೆ ಮಾಡೋ ಐದು ನಿಮಿಷದ ಅವಸರ ತುಂಬಾ ದುಬಾರಿ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ನಮ್ಮದು ನಿಜವಾದ ಚಳಿಯೇ ಅಲ್ಲ! ಲಡಾಖಿಗೆ ಅಂತಲೇ 2019ರಲ್ಲಿ ಇಂಡಿಯನ್ ಆಯಿಲ್ ಬೇರೆ ಡೀಸೆಲ್ ತಂತು, ಮೈನಸ್ 33 ಡಿಗ್ರಿವರೆಗೂ ಹರಿಯೋ ಅಂಥದ್ದು. ಈ ಗಾಡಿಗಳು ಅಂಥ ಗುಡ್ಡಗಾಡಿಗೂ ಹೋಗಿ ಬಂದ ಜಾತಿಯವು. ಹುಣಸೂರಿನ ಮಂಜಿಗೆ ನಮಗೆ ಸ್ವೆಟರ್ ಬೇಕಾಗಬಹುದು, ಆದರೆ ಅದು ಇಂಜಿನ್ ನಿಲ್ಲಿಸೋವಷ್ಟು ಚಳಿಯಲ್ಲ. ಹಾಗಾದ್ರೆ ಯಾಕೆ ಸ್ಟಾರ್ಟ್ ಆಗಲ್ಲ? ಬೇಸಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಕಾಯಿಲೆಯನ್ನ ಚಳಿ ಬಂದು ಚಾಡಿ ಹೇಳುತ್ತೆ, ಅಷ್ಟೇ.

ಬ್ಯಾಟರಿಯಿಂದ ಶುರು ಮಾಡೋಣ. ತಣ್ಣಗಾದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತೆ, ಕರೆಂಟ್ ಕಡಿಮೆ ಸಿಗುತ್ತೆ. ಅದರ ಮೇಲೆ ಟರ್ಮಿನಲ್‌ಗೆ ಬಿಳಿ ಪುಡಿ ಹಿಡಿದಿದ್ದರೆ ಸೆಲ್ಫ್ 'ಟಕ್' ಅಂದು ಸುಮ್ಮನಾಗುತ್ತೆ. ಟರ್ಮಿನಲ್ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಟೈಟ್ ಮಾಡಿ. ಅರ್ತ್ ವೈರ್ ಚಾಸಿಗೆ ಸೇರೋ ಜಾಗವನ್ನೂ ಉಜ್ಜಿ. ಪಕ್ಕದ ಕಾರಿಂದ ವೈರ್ ಕೊಡೋ ಮುಂಚೆ ವೋಲ್ಟೇಜ್ ನೋಡಿ. ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು, ಇವತ್ತಿನ ಕಾರು 12, ದೊಡ್ಡ ಲಾರಿಗಳು 24.

ಎರಡನೆಯದು ಆಯಿಲ್. ಡಬ್ಬದ ಮೇಲೆ 20ಡಬ್ಲ್ಯೂ-40 ಅಂತ ಇರುತ್ತಲ್ಲ, ಆ ಡಬ್ಲ್ಯೂ ಅಂದ್ರೆ ವಿಂಟರ್. ಅದರ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ತಣ್ಣಗಿರುವಾಗ ಆಯಿಲ್ ತೆಳುವಾಗಿರುತ್ತೆ. "ಹಳೇ ಇಂಜಿನ್ನು, ದಪ್ಪ ಆಯಿಲ್ ಹಾಕಿ" ಅಂತ ಬರೀ 40 ನಂಬರ್ ಹಾಕಿಸಿದ್ದರೆ ಮುಂಜಾನೆ ಅದು ಬೆಲ್ಲದ ಪಾಕ. ಇಂಜಿನ್ ತಿರುಗೋದೇ ನಿಧಾನ. ಡೀಸೆಲ್ ಇಂಜಿನ್‌ನಲ್ಲಿ ಗಾಳಿಯನ್ನ ಒತ್ತಿದ ಶಾಖದಿಂದಲೇ ಬೆಂಕಿ ಹುಟ್ಟಬೇಕು. ನಿಧಾನ ತಿರುಗಿದರೆ ಸವೆದ ರಿಂಗ್ ಸಂದಿಯಲ್ಲಿ ಗಾಳಿ ಜಾರಿಹೋಗುತ್ತೆ, ಶಾಖ ಹುಟ್ಟಲ್ಲ. ಸೈಲೆನ್ಸರಿಂದ ಬಿಳಿ ಹೊಗೆ ಬಂದ್ರೆ ಸಾಮಾನ್ಯವಾಗಿ ಅದು ಉರಿಯದೇ ಆಚೆ ಬಂದ ಡೀಸೆಲ್.

ಮೂರನೆಯದು ಇಂಧನ. ಡೀಸೆಲ್ ಗಾಡಿಯಾದ್ರೆ ಹ್ಯಾಂಡ್ ಪ್ರೈಮರ್ ಒತ್ತಿ ನೋಡಿ. ಎಷ್ಟು ಒತ್ತಿದರೂ ಮೆತ್ತಗೇ ಇದ್ರೆ ರಾತ್ರಿಯೆಲ್ಲ ಪೈಪಿಗೆ ಗಾಳಿ ಸೇರಿದೆ, ಎಲ್ಲೋ ವಾಷರ್ ಹೋಗಿದೆ ಅಂತ ಅರ್ಥ. ಪೆಟ್ರೋಲ್ ಗಾಡಿಗೆ ಈಗ ಇನ್ನೊಂದು ತಲೆನೋವು. ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತೆ. ಅದು ಆವಿಯಾಗೋಕೆ ಹೆಚ್ಚು ಶಾಖ ಬೇಕು, ನೀರನ್ನೂ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನೂ ತಿನ್ನುತ್ತೆ. ಹಾಗಾಗಿ ಮಂಜಿನ ತಿಂಗಳಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ. ಹೋಸ್, ಪಂಪಿನ ಡಯಾಫ್ರಮ್ ಹೊಸ ಥರದ ರಬ್ಬರಿನದು ಹಾಕಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗಿನ ತೇವ ಒಣಬಟ್ಟೆಯಲ್ಲಿ ಒರೆಸಿ. ಎಷ್ಟೋ ಜೀಪು ಇಷ್ಟಕ್ಕೇ ಎದ್ದುಬಿಡುತ್ತೆ.

ಈಗ ರೀಲ್ಸ್ ಮಾಡೋರಿಗೆ ಇಷ್ಟವಾದ ವಿಷಯ: ಹ್ಯಾಂಡಲ್ ಹೊಡೆಯೋದು. ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಹೆಬ್ಬೆರಳನ್ನ ಹ್ಯಾಂಡಲ್ ಸುತ್ತ ಹಾಕಬೇಡಿ, ಬೇರೆ ಬೆರಳುಗಳ ಪಕ್ಕದಲ್ಲೇ ಇಡಿ. ಕೆಳಗಿಂದ ಮೇಲಕ್ಕೆ ಎಳೀರಿ, ಮೇಲಿಂದ ಕೆಳಗೆ ಮೈಭಾರ ಹಾಕಿ ತಳ್ಳಬೇಡಿ. ಟೈಮಿಂಗ್ ಮುಂದಿದ್ರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತೆ, ಹೆಬ್ಬೆರಳು ಸುತ್ತಿದ್ರೆ ಮಣಿಕಟ್ಟು ಮುರಿಯುತ್ತೆ. ಇಳಿಜಾರಲ್ಲಿ ಉರುಳಿಸಿ ಸ್ಟಾರ್ಟ್ ಮಾಡೋರಿಗೂ ಒಂದು ಮಾತು: ಏರ್ ಬ್ರೇಕ್ ಲಾರಿಯಲ್ಲಿ ಈ ಆಟ ಬೇಡವೇ ಬೇಡ. ಇಂಜಿನ್ ಓಡಿ ಗಾಳಿ ತುಂಬೋವರೆಗೂ ಬ್ರೇಕ್ ನಂಬೋಹಾಗಿಲ್ಲ.

ಬಟ್ಟೆಗೆ ಸೀಮೆಎಣ್ಣೆ ಸುರಿದು ಟ್ಯಾಂಕ್ ಕೆಳಗೆ ಬೆಂಕಿ ಹಾಕೋರನ್ನ ನೋಡಿದೀನಿ. ಏರ್ ಫಿಲ್ಟರಿಗೆ ಪೆಟ್ರೋಲ್ ಎರಚೋರನ್ನೂ ನೋಡಿದೀನಿ. ಒಂದರಲ್ಲಿ ಶೆಡ್ಡೇ ಸುಟ್ಟುಹೋಗಬಹುದು, ಇನ್ನೊಂದರಲ್ಲಿ ಪಿಸ್ಟನ್ ಒಡೆಯಬಹುದು.

ಸ್ಟಾರ್ಟ್ ಆಯ್ತಾ? ಖುಷಿಗೆ ಎಕ್ಸಲರೇಟರ್ ತುಳಿಯಬೇಡಿ. ಆಯಿಲ್ ಪ್ರೆಶರ್ ಮುಳ್ಳು ನೋಡಿ. ಹತ್ತು ಸೆಕೆಂಡಲ್ಲೂ ಏಳದಿದ್ರೆ ಆಫ್ ಮಾಡಿ. ಎದ್ರೆ ಒಂದೆರಡು ನಿಮಿಷ ಸ್ಲೋನಲ್ಲಿ ಬಿಟ್ಟು, ಚೋಕ್ ನಿಧಾನ ಒಳಗೆ ತಳ್ಳಿ, ಮೊದಲ ಒಂದು ಕಿಲೋಮೀಟರ್ ಮೆಲ್ಲಗೆ ಹೋಗಿ. ಗೇರ್ ಬಾಕ್ಸ್ ಆಯಿಲೂ ಬೆಚ್ಚಗಾಗಬೇಕಲ್ವಾ?

ಕೊನೆಯದು, ಎಲ್ಲಕ್ಕಿಂತ ಮುಖ್ಯ. ಚಳಿ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗಾಗುತ್ತೆ, ಮತ್ತೆ ಏಳೋಕಾಗಲ್ಲ. ಗಾಡಿಗೆ ಗುಜರಿಯಲ್ಲಾದರೂ ಪಾರ್ಟ್ ಸಿಗುತ್ತೆ. ನಿಮಗೆ ಸಿಗಲ್ಲ. ಬಾಗಿಲು ತೆಗೆದಿಟ್ಟೇ ಕೀ ತಿರುಗಿಸಿ.