ಬಾಗಿಲು ತೆರೆಯುವ ಮುನ್ನವೇ ತುಂಬಿದ ಪೀಠಗಳು

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೀಸಲಾತಿಯ ಪ್ರಶ್ನೆ ಎದ್ದಾಗಲೆಲ್ಲ ಅದರ ವಿರೋಧಿಗಳು ಅಮೆರಿಕದ ಹೆಸರಾಂತ ವಿಶ್ವವಿದ್ಯಾನಿಲಯಗಳ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿ ಪ್ರತಿಭೆಯೊಂದೇ ಮಾನದಂಡ, ಆದ್ದರಿಂದಲೇ ಆ ದೇಶ ಮುಂದುವರಿಯಿತು ಎನ್ನುತ್ತಾರೆ. ನಮ್ಮವರಲ್ಲೂ ಅನೇಕರು ಇದನ್ನು ನಂಬಿದ್ದಾರೆ. ಈ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಅಲ್ಲಿನ ಒಂದೇ ಒಂದು ಪದ್ಧತಿಯ ಮೂಲಕ ಪರಿಶೀಲಿಸೋಣ.

ಅಲ್ಲಿನ ಪ್ರವೇಶ ಎರಡು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿಗೆ ಸಾಮಾನ್ಯವಾಗಿ ನವೆಂಬರ್ 1ರೊಳಗೆ ಅರ್ಜಿ ಹಾಕಬೇಕು. ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಎರಡನೆಯದಕ್ಕೆ ಜನವರಿಯಲ್ಲಿ ಅರ್ಜಿ, ಮಾರ್ಚ್ ಕೊನೆಯಲ್ಲಿ ಫಲಿತಾಂಶ. ಮೊದಲ ಸುತ್ತಿನಲ್ಲೂ ಎರಡು ಬಗೆಗಳಿವೆ. ಪೆನ್ಸಿಲ್ವೇನಿಯಾ, ಬ್ರೌನ್, ಕೊಲಂಬಿಯಾದಂಥ ಕಡೆ ಅದು ಕಟ್ಟುಪಾಡಿನ ಒಪ್ಪಂದ: ಸೀಟು ಸಿಕ್ಕಿದರೆ ಅಲ್ಲಿಯೇ ಸೇರಬೇಕು, ಬೇರೆ ಅರ್ಜಿಗಳನ್ನು ಹಿಂದೆಗೆದುಕೊಳ್ಳಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಸೇರಲೇಬೇಕೆಂಬ ನಿರ್ಬಂಧವಿಲ್ಲ.

ಈಗ ಅಂಕಿಗಳನ್ನು ನೋಡಿ. 2022ರ ಡಿಸೆಂಬರಿನಲ್ಲಿ ಹಾರ್ವರ್ಡ್ ತನ್ನ ಮೊದಲ ಸುತ್ತಿನ 9,553 ಅರ್ಜಿದಾರರಲ್ಲಿ 722 ಮಂದಿಯನ್ನು ಆರಿಸಿತು. ಅದು ಶೇ. 7.56. ಆ ವರ್ಷದ ಒಟ್ಟು ಅರ್ಜಿಗಳು 56,937, ಒಟ್ಟು ಆಯ್ಕೆ 1,942. ಮೊದಲ ಸುತ್ತನ್ನು ಕಳೆದು ಲೆಕ್ಕ ಹಾಕಿದರೆ ಉಳಿದ 47 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ದಕ್ಕಿದ್ದು ಶೇ. 2.6ರಷ್ಟು ಅವಕಾಶ ಮಾತ್ರ. ಈ ಉಳಿದವರಲ್ಲಿ ಮೊದಲ ಸುತ್ತಿನಿಂದ ಮುಂದೂಡಲ್ಪಟ್ಟವರನ್ನು ಸೇರಿಸಿಲ್ಲ ಎಂಬುದು ನೆನಪಿರಲಿ. ಸೇರಿಸಿದರೆ ಪ್ರಮಾಣ ಇನ್ನೂ ಇಳಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಂತೂ ತರಗತಿಯ ಸುಮಾರು ಅರ್ಧಭಾಗ ಮೊದಲ ಸುತ್ತಿನಲ್ಲಿಯೇ ತುಂಬಿಬಿಡುತ್ತದೆ.

ಮೊದಲು ಅರ್ಜಿ ಹಾಕುವವರು ಹೆಚ್ಚು ಪ್ರತಿಭಾವಂತರು, ಆದ್ದರಿಂದ ಈ ವ್ಯತ್ಯಾಸ ಎಂದು ವಿಶ್ವವಿದ್ಯಾನಿಲಯಗಳು ಸಮರ್ಥಿಸಿಕೊಳ್ಳುತ್ತಾ ಬಂದಿವೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ 2003ರಲ್ಲಿ ಕ್ರಿಸ್ಟೋಫರ್ ಏವರಿ ಮತ್ತು ಅವರ ಇಬ್ಬರು ಸಂಗಡಿಗರು ಪ್ರಕಟಿಸಿದ ಅಧ್ಯಯನ ಸಮಾನ ಅರ್ಹತೆಯವರನ್ನೇ ಹೋಲಿಸಿತು. 1600 ಅಂಕಗಳ ಸ್ಯಾಟ್ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದರೆ ಸಿಗುವಷ್ಟು ಲಾಭ ಮೊದಲೇ ಅರ್ಜಿ ಹಾಕುವುದರಿಂದ ಸಿಗುತ್ತದೆ ಎಂದು ಅವರು ಕಂಡುಕೊಂಡರು. ಅದನ್ನು ಪ್ರಕಟಿಸಿದ್ದು ಹಾರ್ವರ್ಡಿನದೇ ಮುದ್ರಣಾಲಯ!

ಹಾಗಾದರೆ ಎಲ್ಲರೂ ಮೊದಲೇ ಹಾಕಬಾರದೇಕೆ? ನವೆಂಬರಿನೊಳಗೆ ಪರೀಕ್ಷೆ, ಪ್ರಬಂಧ, ಶಿಫಾರಸು ಪತ್ರ ಎಲ್ಲವೂ ಸಿದ್ಧವಾಗಬೇಕು. ಅದಕ್ಕೆ ಮಾರ್ಗದರ್ಶಕರಿರುವ ಶಾಲೆ ಬೇಕು. ನೂರಾರು ಮಕ್ಕಳಿಗೆ ಒಬ್ಬರೇ ಸಲಹೆಗಾರರಿರುವ ಸರಕಾರಿ ಶಾಲೆಯ ಹುಡುಗನಿಗೆ ಇಂಥದೊಂದು ಸುತ್ತಿದೆಯೆಂಬುದೇ ತಡವಾಗಿ ತಿಳಿಯುತ್ತದೆ. ಇನ್ನು ಒಪ್ಪಂದದ ಪದ್ಧತಿಯಲ್ಲಿ ಯಾವ ಕಾಲೇಜು ಹೆಚ್ಚು ನೆರವು ಕೊಡುತ್ತದೆಂದು ತೂಗಿ ನೋಡುವ ಅವಕಾಶವೇ ಇಲ್ಲ. ಖರ್ಚಿನ ಚಿಂತೆಯಿಲ್ಲದ ಮನೆಯವರು ಮಾತ್ರ ನಿಶ್ಚಿಂತೆಯಿಂದ ಸಹಿ ಹಾಕಬಲ್ಲರು.

ಈ ಅನ್ಯಾಯ ಅವರಿಗೆ ತಿಳಿಯದ್ದೇನಲ್ಲ. 2006ರ ಸೆಪ್ಟೆಂಬರಿನಲ್ಲಿ, ಡೆರೆಕ್ ಬಾಕ್ ಹಂಗಾಮಿ ಅಧ್ಯಕ್ಷರಾಗಿದ್ದಾಗ, ಈ ಪದ್ಧತಿ ಉಳ್ಳವರಿಗೇ ಮತ್ತಷ್ಟು ಅನುಕೂಲ ಮಾಡುತ್ತದೆಂದು ಒಪ್ಪಿ ಹಾರ್ವರ್ಡ್ ಅದನ್ನು ಕೈಬಿಟ್ಟಿತು. ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾನಿಲಯಗಳೂ ಹಿಂಬಾಲಿಸಿದವು. ಯೇಲ್, ಸ್ಟ್ಯಾನ್‌ಫರ್ಡ್ ಮುಂತಾದವು ಕದಲಲಿಲ್ಲ. 2011ರ ಫೆಬ್ರವರಿಯಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಎರಡೂ ಹಳೆಯ ಪದ್ಧತಿಗೇ ಮರಳಿದವು. ಒಳ್ಳೆಯ ವಿದ್ಯಾರ್ಥಿಗಳು, ಅವರಲ್ಲಿ ಬಡವರೂ ಸಹ, ಬೇರೆಡೆ ಬೇಗ ಅರ್ಜಿ ಹಾಕುತ್ತಿದ್ದಾರೆ ಎಂಬುದು ಹಾರ್ವರ್ಡ್ ಕೊಟ್ಟ ಕಾರಣ. ಪೈಪೋಟಿಯ ಮುಂದೆ ನ್ಯಾಯಪ್ರಜ್ಞೆ ಬಾಳಿದ್ದು ಐದು ವರ್ಷವೂ ಇಲ್ಲ.

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ ಇದರ ಜೊತೆಗಿದೆ. ಹಾರ್ವರ್ಡ್ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಪ್ರಕಾರ, ಆಯ್ಕೆಯಾದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕಿಂತ ಹೆಚ್ಚು ಮಂದಿ ಹಳೆಯ ವಿದ್ಯಾರ್ಥಿಗಳ ಅಥವಾ ಸಿಬ್ಬಂದಿಯ ಮಕ್ಕಳು, ದಾನಿಗಳಂಥವರಿರುವ ವಿಶೇಷ ಪಟ್ಟಿಯವರು ಇಲ್ಲವೇ ಕ್ರೀಡಾಪಟುಗಳು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅಸಾಂವಿಧಾನಿಕವೆಂದಿತು. ಅದು ಬಿದ್ದದ್ದು ಕರಿಯರ ಮಕ್ಕಳ ಮೇಲೆ. ಎಂಐಟಿಯಲ್ಲಿ ಹಿಂದಿನ ವರ್ಷಗಳಲ್ಲಿ ಸರಾಸರಿ ಶೇ. 13ರಷ್ಟಿದ್ದ ಅವರ ಪ್ರಮಾಣ 2024ರಲ್ಲಿ ಶೇ. 5ಕ್ಕೆ ಕುಸಿಯಿತು. ಆದರೆ ಮೊದಲ ಸುತ್ತು, ವಂಶದ ಆದ್ಯತೆ ಎರಡನ್ನೂ ಆ ತೀರ್ಪು ಮುಟ್ಟಲಿಲ್ಲ. ಬಡವನಿಗೆ ಕೊಟ್ಟರೆ ಓಲೈಕೆ, ಶ್ರೀಮಂತನಿಗೆ ಕೊಟ್ಟರೆ ಪರಂಪರೆ. ಈ ಭಾಷೆ ನಮಗೆ ಚಿರಪರಿಚಿತವಷ್ಟೇ.

ಪ್ರವಾದಿವರ್ಯರು(ಸ) ಮಕ್ಕಾದ ಕುರೈಶ್ ಮುಖಂಡರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಬಂದರು. ಆ ಗಳಿಗೆಯಲ್ಲಿ ಪ್ರವಾದಿಯವರ(ಸ) ಹುಬ್ಬು ಗಂಟಿಕ್ಕಿತು. ಅಷ್ಟಕ್ಕೇ ಅಲ್ಲಾಹನು ಅವರನ್ನು ತಿದ್ದಿದನು. 'ಅಬಸ' ಅಧ್ಯಾಯ ಅವತೀರ್ಣವಾಯಿತು. ಮುಂದೆ ಅದೇ ಅಂಧ ಸಹಾಬಿಯನ್ನು ಪ್ರವಾದಿಯವರು(ಸ) ತಮ್ಮ ಅನುಪಸ್ಥಿತಿಯಲ್ಲಿ ಮದೀನಾದ ಉಸ್ತುವಾರಿಗೆ ನೇಮಿಸಿದರು. ಕಲಿಯಲು ಬಂದವನ ಅಂತಸ್ತು ನೋಡಿ ಸರದಿ ನಿರ್ಧರಿಸಬಾರದೆಂಬ ಪಾಠವನ್ನು ನಾವು ಪಾರಾಯಣ ಮಾಡುತ್ತಲೇ ಇದ್ದೇವೆ.

ಆದರೆ ನಮ್ಮ ಕರಾವಳಿಯನ್ನು ನೋಡಿ. ಎಸೆಸೆಲ್ಸಿ ಪರೀಕ್ಷೆಯೇ ಮುಗಿಯದಿರುವಾಗ ಪಿಯು ವಿಜ್ಞಾನದ ಸೀಟುಗಳನ್ನು ಮುಂಗಡ ಕಟ್ಟಿಸಿಕೊಂಡು ಕಾಯ್ದಿರಿಸುವ ರೂಢಿ ಬೆಳೆದಿದೆ. ಫಲಿತಾಂಶದ ದಿನ ಶೇ. 95 ಅಂಕದ ಪಟ್ಟಿ ಹಿಡಿದು ಬರುವ ಮೀನುಗಾರನ ಮಗಳಿಗೆ, ಬೀಡಿ ಕಟ್ಟುವ ತಾಯಿಯ ಮಗನಿಗೆ ಸೀಟು ಮುಗಿದಿದೆ ಎಂಬ ಉತ್ತರ. ಸಮುದಾಯದ ಹಣದಿಂದ ಎದ್ದ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಕಟ್ಟಡ ಕಟ್ಟುವಾಗ ವಂತಿಗೆ ಕೇಳಿದ್ದು ಎಲ್ಲರಲ್ಲಿ, ಸೀಟು ಕೊಡುವಾಗ ಕೇಳುವುದು ಯಾರನ್ನು?

ವಿದೇಶದಲ್ಲಿ ಕಲಿಯಬಯಸುವ ಮಕ್ಕಳಿಗೂ ಒಂದು ಮಾತು. ಅಲ್ಲಿಯದೆಲ್ಲ ಕೆಟ್ಟದ್ದಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳು ಹೊರದೇಶದವರನ್ನು ಆರಿಸುವಾಗಲೂ ಮನೆಯ ಆದಾಯ ನೋಡುವುದಿಲ್ಲ. ಆರಿಸಿದ ಮೇಲೆ ಅಗತ್ಯಕ್ಕೆ ತಕ್ಕ ನೆರವು ಕೊಡುತ್ತವೆ. ಆದ್ದರಿಂದ ಹತ್ತನೆಯ ತರಗತಿಯಿಂದಲೇ ಸಿದ್ಧರಾಗಿ. ಆ ನವೆಂಬರ್ ತಾರೀಕನ್ನು ಗುರುತಿಟ್ಟುಕೊಳ್ಳಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನೆರವಿನ ನಿಯಮಗಳನ್ನು ಹೆತ್ತವರೊಡನೆ ಕೂತು ಓದಿ.

ಆಡಳಿತ ಮಂಡಳಿಗಳ ಹಿರಿಯರಲ್ಲಿ ನಮ್ಮದೊಂದು ಕೋರಿಕೆಯಿದೆ. ಕನಿಷ್ಠ ಅರ್ಧದಷ್ಟು ಸೀಟುಗಳನ್ನು ಫಲಿತಾಂಶ ಬರುವವರೆಗೆ ಯಾರಿಗೂ ಕೊಡದೆ ಉಳಿಸಿಕೊಳ್ಳಿ. ಎಷ್ಟು ಸೀಟು ಯಾವ ತಿಂಗಳಲ್ಲಿ ಭರ್ತಿಯಾಯಿತು, ಅದರಲ್ಲಿ ಪೂರ್ಣ ಶುಲ್ಕ ಕಟ್ಟಲಾಗದ ಮನೆಗಳ ಮಕ್ಕಳೆಷ್ಟು ಎಂಬ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಿ ಹೇಳಿ. ಹೆತ್ತವರೇ, ಈ ವರ್ಷದ ಸಭೆಗೆ ತಪ್ಪದೆ ಹೋಗಿ, ಆ ಲೆಕ್ಕವನ್ನು ಕೇಳಿ.