ವಾರ್ಡಿನ ಬೆಂಚಿನಿಂದ ಸಮಿತಿಯ ಕುರ್ಚಿಗೆ: ಶಿಕಾರಿಪುರ, ಸೊರಬದಲ್ಲಿ ರೋಗಿ ಸಲಹೆಗಾರರು

ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದವರು, ಅಥವಾ ಮನೆಯವರ ಹಾಸಿಗೆಯ ಪಕ್ಕ ರಾತ್ರಿಗಳನ್ನು ಕಳೆದವರು, ತಾವು ಕಂಡದ್ದನ್ನು ಅದೇ ಆಸ್ಪತ್ರೆಯ ಸುಧಾರಣೆಗಾಗಿ ಸಂಬಳವಿಲ್ಲದೆ ಹೇಳಲು ಮುಂದೆ ಬಂದಾಗ ಅವರು ರೋಗಿ ಸಲಹೆಗಾರರು ಅಥವಾ ಕುಟುಂಬ ಸಲಹೆಗಾರರು ಎನಿಸಿಕೊಳ್ಳುತ್ತಾರೆ. ಯಾವ ಔಷಧ ಕೊಡಬೇಕೆಂದು ಹೇಳುವುದು ಅವರ ಕೆಲಸವಲ್ಲ. ಮಾತ್ರೆಯ ಕವರಿನ ಮೇಲೆ ಬರೆದದ್ದು ಓದಲು ಬರುತ್ತದೆಯೇ, ಬಾಣಂತಿಯ ಜೊತೆ ಬಂದ ತಾಯಿ ಎಲ್ಲಿ ಮಲಗುತ್ತಾಳೆ, ಶಿವಮೊಗ್ಗಕ್ಕೆ ಕಳಿಸುವಾಗ ಕಾರಣವನ್ನು ಯಾರು ಬಿಡಿಸಿ ಹೇಳುತ್ತಾರೆ, ಡಿಸ್ಚಾರ್ಜ್ ಆದ ಮೇಲೆ ಮತ್ತೆ ಯಾವಾಗ ಬರಬೇಕೆಂದು ರೋಗಿಗೆ ತಿಳಿದಿದೆಯೇ ಎಂಬುವು ಅವರ ವಿಷಯಗಳು. ವೈದ್ಯರ ರೌಂಡ್ಸ್ ಮುಗಿದ ಮೇಲೆ ವಾರ್ಡಿನಲ್ಲಿ ನಡೆಯುವುದನ್ನು ಬೆಳಗಿನವರೆಗೂ ನೋಡುವವರು ನರ್ಸ್‌ಗಳು ಮತ್ತು ರೋಗಿಯ ಜೊತೆಗಿರುವವರು. ನರ್ಸ್‌ಗಳ ಮಾತಿಗೆ ಇಲಾಖೆಯಲ್ಲಿ ಒಂದು ದಾರಿ ಇದೆ. ಜೊತೆಗಿರುವವರ ಮಾತು ಹೆಚ್ಚಾಗಿ ಬಸ್ ಹತ್ತಿ ಅವರೊಡನೆಯೇ ಊರಿಗೆ ಹೋಗಿಬಿಡುತ್ತದೆ.

ಶಿಕಾರಿಪುರ ತಾಲ್ಲೂಕಿಗೆ ರೋಗಿಯ ಆರೈಕೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ಹಸಿದವರಿಗೆ ಅನ್ನ, ವಿದ್ಯಾರ್ಥಿಗಳಿಗೆ ಪಾಠ ಮಾತ್ರವಲ್ಲದೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿತ್ತೆಂದು ಹೇಳುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಚಿಕಿತ್ಸೆಯ ಚರಿತ್ರೆ ಬರೆಯುವವರು ಈ ಕಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಶಾಸನ ಬರೆಸಿದವರು ಕೊಡುವವರು. ಆರೈಕೆ ಪಡೆದವರು ಏನೆಂದರು ಎಂಬುದು ಅದರಲ್ಲಿಲ್ಲ. ಆ ಕೊರತೆ ಎಂಟು ಶತಮಾನಗಳ ನಂತರವೂ ತುಂಬಿಲ್ಲ.

ರೋಗಿಯ ಮಾತಿಗೆ ಆಸ್ಪತ್ರೆಯೊಳಗೆ ಸ್ಥಾನ ದೊರೆತದ್ದರ ಹಿಂದೆ ಅನೇಕ ಕಡೆ ಒಂದು ಸಾವಿದೆ. ಅಮೆರಿಕದ ಬಾಸ್ಟನ್‌ನಲ್ಲಿ 1994ರಲ್ಲಿ ಬೆಟ್ಸಿ ಲೇಮನ್ ಎಂಬ ಪತ್ರಕರ್ತೆ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಅಳತೆ ಮೀರಿದ ಔಷಧದಿಂದ ತೀರಿಕೊಂಡರು. ಆರೋಗ್ಯದ ಬಗ್ಗೆ ಅಂಕಣ ಬರೆಯುತ್ತಿದ್ದವರಿಗೇ ಹೀಗಾಯಿತು. ಮುಂದೆ ಆ ಸಂಸ್ಥೆ ರೋಗಿಗಳು ಮತ್ತು ಕುಟುಂಬದವರ ಸಲಹಾ ಮಂಡಳಿಯನ್ನು ಕಟ್ಟಿತು. 2008ರಲ್ಲಿ ಮಸಾಚುಸೆಟ್ಸ್ ರಾಜ್ಯ ಎಲ್ಲ ಆಸ್ಪತ್ರೆಗಳಿಗೂ ಇಂಥ ಮಂಡಳಿಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ ರೋಗಿಗಳ ಪಾಲ್ಗೊಳ್ಳುವಿಕೆಯನ್ನೇ ವಿಷಯವಾಗಿ ಆರಿಸಿಕೊಂಡಿತು.

ಭಾರತದ ದಾರಿ ಬೇರೆ. 1990ರ ದಶಕದ ನಡುವೆ ಇಂದೋರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಸರಿಪಡಿಸಲು ಹುಟ್ಟಿದ ರೋಗಿ ಕಲ್ಯಾಣ ಸಮಿತಿಯನ್ನು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ದೇಶಕ್ಕೆಲ್ಲ ಹರಡಿತು. ಕರ್ನಾಟಕದಲ್ಲಿ ಅದಕ್ಕೆ ಆರೋಗ್ಯ ರಕ್ಷಾ ಸಮಿತಿ ಎಂಬ ಹೆಸರು. ತಾಲ್ಲೂಕು ಆಸ್ಪತ್ರೆಯ ಸಮಿತಿಗೆ ಶಾಸಕರು ಅಧ್ಯಕ್ಷರು; ವೈದ್ಯಾಧಿಕಾರಿಗಳು, ಇತರ ಅಧಿಕಾರಿಗಳು, ನಾಮನಿರ್ದೇಶಿತರು ಸದಸ್ಯರು. ಸಣ್ಣ ದುರಸ್ತಿ, ಸಲಕರಣೆ, ಸ್ವಚ್ಛತೆಗೆ ಹಣ ಖರ್ಚು ಮಾಡುವ ಅಧಿಕಾರ ಅದಕ್ಕಿದೆ. ಈಗಿನ ಪ್ರಶ್ನೆ ಈ ಸಮಿತಿಯ ಕುರ್ಚಿಗಳದು. ಗಣ್ಯರೆಂಬ ಕಾರಣಕ್ಕೆ ನಾಮಕರಣಗೊಂಡ ಸದಸ್ಯರು ಜನರಲ್ ವಾರ್ಡಿನ ಶೌಚಾಲಯಕ್ಕೆ ರಾತ್ರಿ ಎರಡು ಗಂಟೆಗೆ ಹೋದವರಾಗಿರುವುದು ಅಪರೂಪ. ಹಾಗೆ ಹೋದವರಿಗೆ ಸಮಿತಿ ಇದೆಯೆಂಬುದೇ ತಿಳಿದಿರುವುದಿಲ್ಲ.

ಜನರನ್ನು ಕೇಳುವ ಪ್ರಯತ್ನ ಈ ನಾಡಿನಲ್ಲಿ ನಡೆಯದೇ ಇಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರ ವರದಿಯಲ್ಲಿ ಸಮತೆ, ಗುಣಮಟ್ಟ, ಪ್ರಾಮಾಣಿಕತೆಗಳನ್ನು ಆರೋಗ್ಯ ಸೇವೆಯ ಗುರಿಗಳಾಗಿ ಮುಂದಿಟ್ಟಿತು. 2007ರಲ್ಲಿ ಸಮುದಾಯದ ಮೇಲ್ವಿಚಾರಣೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು: ಹಳ್ಳಿಯವರೇ ಸೇವೆಯನ್ನು ಅಳೆದು, ಜನಸಂವಾದದಲ್ಲಿ ಅಧಿಕಾರಿಗಳ ಮುಂದಿಟ್ಟರು. ಕಾನೂನಿನ ಆಧಾರವೂ ಇಲ್ಲದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ಪರಿಶೀಲನಾ ಮಂಡಳಿಗಳಲ್ಲಿ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಿಗೆ ಸ್ಥಾನ ಇಟ್ಟಿದೆ. ಮನೋರೋಗಕ್ಕೆ ಒಪ್ಪಿದ ತತ್ವ ಹೆರಿಗೆಗೆ, ಜ್ವರಕ್ಕೆ, ಡಯಾಲಿಸಿಸ್‌ಗೆ ಏಕೆ ಒಪ್ಪಬಾರದು?

ಜ್ವರ ಎಂದಾಗ ಸೊರಬದ ಅನುಭವ ಮುಂದೆ ಬರುತ್ತದೆ. ಲೋಕದ ವೈದ್ಯಗ್ರಂಥಗಳಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಸೇರಿದ್ದು ಒಂದು ಕಾಯಿಲೆಯ ಮೂಲಕ. 1957ರಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗುತ್ತಿದ್ದರು, ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಗುರುತಿಸಿದರು. ಹರಡುವುದು ಉಣುಗಿನಿಂದ ಎಂದು ಕಂಡುಕೊಂಡರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಸತ್ತ ಮಂಗನ ಸುದ್ದಿಯನ್ನು ಹಳ್ಳಿಯವರು ತಿಳಿಸದಿದ್ದರೆ ಇಲಾಖೆಯ ಎಚ್ಚರಿಕೆ ಇಂದಿಗೂ ತಡವಾಗುತ್ತದೆ. ಅಂದರೆ ಇಲ್ಲಿ ಜನರ ಕಣ್ಣನ್ನು ವಿಜ್ಞಾನ ಮೊದಲಿನಿಂದಲೂ ನೆಚ್ಚಿಕೊಂಡಿದೆ.

ಅದೇ ಜನರ ಬಾಯಿಗೆ ಅಷ್ಟು ಬೆಲೆ ಸಿಗಲಿಲ್ಲ. 1990ರ ದಶಕದಿಂದ ಕೊಡುತ್ತಿದ್ದ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೊಂದು ಬೇಕಿತ್ತು. ಚುಚ್ಚಿದ ಜಾಗ ಬಹಳ ನೋಯುತ್ತದೆ ಎಂದು ಜನ ಎರಡನೆಯ ಬಾರಿ ಬರಲು ಹಿಂಜರಿದರು. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಳು ಊದಿಸಿಕೊಂಡು ಮನೆಯಲ್ಲಿ ಕೂರುವುದು ಕೂಲಿಯವರಿಗೆ ಆಗುವ ಮಾತಲ್ಲ. ಇದನ್ನು ಅಸಹಕಾರವೆಂದು ಬರೆದುಕೊಳ್ಳುವುದು ಸುಲಭ. ಶಿಬಿರದ ದಿನ, ಹೊತ್ತು, ನೋವಿಗೆ ಪರಿಹಾರ, ತರಗೆಲೆ ತರಲು ಹೋಗುವ ಹೆಂಗಸರಿಗೆ ಉಣುಗು ನಿವಾರಕ ಎಣ್ಣೆ ತಲುಪಿಸುವ ಬಗೆ, ಇವನ್ನು ಜ್ವರದಿಂದ ಎದ್ದವರನ್ನೇ ಕೂರಿಸಿ ಗೊತ್ತುಮಾಡುವುದು ಇನ್ನೊಂದು ದಾರಿಯಾಗಿತ್ತು. ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ಆ ಲಸಿಕೆ ನಿಂತಿತು. ಹೊಸದು ಬರುವ ಹೊತ್ತಿಗಾದರೂ ಆ ದಾರಿ ತೆರೆದಿರಬೇಕು. ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2018-19ರಲ್ಲಿ ಕಾಯಿಲೆ ಉಲ್ಬಣಿಸಿ ರೋಗಿಗಳನ್ನು ಮಣಿಪಾಲದವರೆಗೆ ಒಯ್ದಾಗ, ಆ ಪಯಣದಲ್ಲಿ ಎಲ್ಲಿ ತಡವಾಗುತ್ತದೆ, ಎಲ್ಲಿ ಮಾಹಿತಿ ಸಿಗುವುದಿಲ್ಲ ಎಂಬುದನ್ನು ಜೊತೆಗೆ ಹೋದ ಮನೆಯವರಷ್ಟು ಬಲ್ಲವರು ಯಾರೂ ಇರಲಿಲ್ಲ.

ಶಿಕಾರಿಪುರದ ಅಗತ್ಯ ಸ್ವಲ್ಪ ಬೇರೆ. ಅಲ್ಲಿ ಲಂಬಾಣಿ ತಾಂಡಾಗಳು ಬಹಳ. ಮನೆಯಲ್ಲಿ ಬೇರೆ ಮಾತಾಡುವ ಹೆಂಗಸು ಹೆರಿಗೆ ಕೋಣೆಯಲ್ಲಿ ನೋವಿನ ನಡುವೆ ಕನ್ನಡದಲ್ಲಿ ಉತ್ತರಿಸಬೇಕಾಗುತ್ತದೆ. ತಾಂಡಾದ ಒಬ್ಬ ತಾಯಿ ಸಮಿತಿಯಲ್ಲಿದ್ದರೆ ಈ ಕಷ್ಟ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ದಾಖಲಾದದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಸಲಹೆಗಾರರ ವ್ಯವಸ್ಥೆ ನಿಲ್ಲಬೇಕಾದರೆ ಕೆಲವು ಕಟ್ಟುಪಾಡು ಬೇಕು. ಒಬ್ಬರನ್ನೇ ಕೂರಿಸಿದರೆ ಅಧಿಕಾರಿಗಳ ನಡುವೆ ಅವರ ದನಿ ಏಳುವುದಿಲ್ಲ. ಕನಿಷ್ಠ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಪಕ್ಷದ ಪಟ್ಟಿಯಿಂದ ಆಯ್ಕೆ ನಡೆಯಬಾರದು. ಆಶಾ ಕಾರ್ಯಕರ್ತೆಯರು ಮತ್ತು ವಾರ್ಡಿನ ನರ್ಸ್‌ಗಳು ಸೂಚಿಸಿದ ಹೆಸರುಗಳಿಂದ ನಡೆಯಲಿ. ಇನ್ನೊಬ್ಬರ ಕಾಯಿಲೆಯನ್ನು ಹೊರಗೆ ಹೇಳಬಾರದೆಂಬುದು, ಸೋಂಕು ತಡೆಯುವ ಕ್ರಮಗಳು, ಸಭೆಯಲ್ಲಿ ವಿಷಯ ಮಂಡಿಸುವ ಬಗೆ, ಇಷ್ಟನ್ನು ಮೊದಲೇ ಕಲಿಸಬೇಕು. ಸ್ವಂತ ದೂರಿಗೆ 104ರ ಆರೋಗ್ಯವಾಣಿ ಇದೆ. ಸಮಿತಿಗೆ ತರಬೇಕಾದದ್ದು ಎಲ್ಲರಿಗೂ ಮತ್ತೆ ಮತ್ತೆ ಎದುರಾಗುವ ತೊಡಕು. ಸಂಬಳವಿಲ್ಲದ ಕೆಲಸವೆಂದರೆ ಕೈಯಿಂದ ಖರ್ಚು ಮಾಡುವ ಕೆಲಸವಾಗಬಾರದು: ಬಸ್ ಚಾರ್ಜು, ಕಳೆದುಕೊಂಡ ದಿನಗೂಲಿ ಎರಡನ್ನೂ ಸಮಿತಿಯ ಹಣದಿಂದ ಕೊಡಲು ಸರ್ಕಾರ ಆದೇಶ ಹೊರಡಿಸಬೇಕು. ಹಳ್ಳಿಯವರು ಪೇಟೆಗೆ ಹೇಗಿದ್ದರೂ ಬರುವ ಸಂತೆಯ ದಿನವೇ ಸಭೆ ಇಟ್ಟರೆ ಹಾಜರಿ ತಪ್ಪುವುದಿಲ್ಲ. ಸಲಹೆ ಕೊಟ್ಟವರಿಗೆ ಅದು ಏನಾಯಿತೆಂದು, ಆಗದಿದ್ದರೆ ಏಕೆ ಆಗಲಿಲ್ಲವೆಂದು, ಮುಂದಿನ ಸಭೆಯೊಳಗೆ ಬರವಣಿಗೆಯಲ್ಲಿ ತಿಳಿಸುವ ಹೊಣೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯದು.