ಬೆನ್ನಿಗೆ ಹುಟ್ಟಿದವರ ಜೊತೆ ಮಾತು



ಇವತ್ತಿನ ಮಾತು ಅಪ್ಪ ಅಮ್ಮಂದಿರಿಗಲ್ಲ, ನಿಮಗೆ. ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಬೆಳೆದು, ಟಿವಿ ರಿಮೋಟಿಗಾಗಿ ಅಣ್ಣನ ಜೊತೆಗೋ ತಂಗಿಯ ಜೊತೆಗೋ ಕಿತ್ತಾಡಿ ದೊಡ್ಡವರಾದ ನಿಮಗೆ. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ ದೊಡ್ಡವರಿಗೆ ಹೇಳುವವರು ಬಹಳ ಜನ ಇದ್ದಾರೆ. ಮಕ್ಕಳು ಒಬ್ಬರನ್ನೊಬ್ಬರು ಬೆಳೆಸುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ನನಗೂ ಅದು ಗೊತ್ತಾಗಿದ್ದು ತಡವಾಗಿ.

ಹಾಸನದಿಂದ ಸಿಡ್ನಿಗೆ ಬಂದಾಗ ನನಗೆ ನಾಲ್ಕು ವರ್ಷ. ಎರಡು ವರ್ಷ ಆದಮೇಲೆ ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ವೆಂಟ್‌ವರ್ತ್‌ವಿಲ್‌ನ ಎರಡು ರೂಮಿನ ಯೂನಿಟ್ಟಿನಲ್ಲಿ ನಮ್ಮಿಬ್ಬರಿಗೂ ಒಂದೇ ರೂಮು. ಅಪ್ಪ ಅಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಾನು ಮಾತ್ರ ಸ್ಕೂಲಿನಿಂದ ಬಂದು ಬ್ಯಾಗ್ ಬಿಸಾಡಿ ಅವನ ಜೊತೆ ಇಂಗ್ಲಿಷ್‌ನಲ್ಲಿ ಆಡುತ್ತಿದ್ದೆ. ಅವನು ಸ್ಕೂಲಿಗೆ ಸೇರುವ ಹೊತ್ತಿಗೆ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಿದ್ದ. ಅಮ್ಮ ಟಿವಿಯನ್ನು ಬೈಯುತ್ತಿದ್ದರು, ಚೈಲ್ಡ್‌ಕೇರನ್ನು ಬೈಯುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆಗಳ ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸ್ಕೂಲಿಗೆ ಹೋಗುವ ಅಣ್ಣನೋ ಅಕ್ಕನೋ ಇದ್ದ ಮಕ್ಕಳು ಇಂಗ್ಲಿಷ್‌ನಲ್ಲಿ ಮುಂದಿದ್ದರು. ಅಂಥ ಅಣ್ಣ ಅಕ್ಕ ಇಲ್ಲದ ಮಕ್ಕಳು ಸ್ಪ್ಯಾನಿಷ್‌ನಲ್ಲಿ ಮುಂದಿದ್ದರು. ಅಂದರೆ, ಮನೆಮಾತು ಎಷ್ಟು ಉಳಿಯುತ್ತದೆ ಅನ್ನುವುದರಲ್ಲಿ ಅಪ್ಪ ಅಮ್ಮನ ಜೊತೆ ಹಿರಿಯ ಮಗುವಿಗೂ ಪಾಲಿದೆ.

ಮಕ್ಕಳು ಒಡಹುಟ್ಟಿದವರಿಂದ ಕಲಿಯುವುದು ಭಾಷೆಯೊಂದನ್ನೇ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ 40 ಕುಟುಂಬಗಳ ಮನೆಗೇ ಹೋಗಿ, ಎರಡನೇ ಮಗು ಬಂದಾಗ ಮೊದಲನೆಯದು ಹೇಗಿರುತ್ತದೆ ಅಂತ ನೋಡಿದರು. ಅವರ ಪುಸ್ತಕ ಬಂದದ್ದು 1982ರಲ್ಲಿ. ‘ಪಾಪುಗೆ ಹಸಿವಾಗಿದೆಯೇನೋ, ನೀನೇನು ಅಂತೀಯ?’ ಅಂತ ತಾಯಿ ದೊಡ್ಡ ಮಗುವಿನ ಜೊತೆ ಮಾತಾಡಿದ ಮನೆಗಳಲ್ಲಿ, ಒಂದು ವರ್ಷದ ನಂತರ ಇಬ್ಬರಿಗೂ ಹೆಚ್ಚು ಹೊಂದಿಕೆ ಇತ್ತು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವುದನ್ನು ಮಗು ಕಲಿಯುವುದು ಇಂಥ ಕಡೆಯೇ. ತಮ್ಮನಿಗೆ ಯಾವ ಮಾತು ಹೇಳಿದರೆ ಅಳು ಬರುತ್ತದೆ, ಯಾವುದಕ್ಕೆ ನಗು ಬರುತ್ತದೆ ಅಂತ ಅಮ್ಮನಿಗಿಂತ ಮೊದಲು ನಿಮಗೆ ಗೊತ್ತಿತ್ತು ಅಲ್ಲವೇ? ಜಗಳವೂ ಒಂದು ಪಾಠವೇ. ಗೆಳೆಯನ ಜೊತೆ ಜಗಳ ಆಡಿದರೆ ಅವನು ಬಿಟ್ಟು ಹೋಗಬಹುದು. ತಂಗಿ ಎಲ್ಲಿಗೆ ಹೋಗುತ್ತಾಳೆ? ರಾತ್ರಿ ಅದೇ ಟೇಬಲ್ಲಿಗೆ ಊಟಕ್ಕೆ ಬರಲೇಬೇಕು. ಹಾಗಾಗಿ ರಾಜಿ ಮಾಡಿಕೊಳ್ಳುವುದನ್ನೂ ಕಲಿಯುತ್ತೇವೆ.

ಆದರೆ ಕೆಲವು ಸಲ ರಾಜಿ ಆಗುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಕಾರಣ ಒಂದು ಪರೀಕ್ಷೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಸೆಲೆಕ್ಟಿವ್ ಸ್ಕೂಲಿನ ಏಳನೇ ಕ್ಲಾಸಿಗೆ ಆರನೇ ಕ್ಲಾಸಿನಲ್ಲೇ ಪರೀಕ್ಷೆ, ವಿಕ್ಟೋರಿಯಾದಲ್ಲಿ ಒಂಬತ್ತನೇ ಕ್ಲಾಸಿಗೆ. ನನಗೆ ಸೀಟು ಸಿಕ್ಕಿತು. ತಮ್ಮನಿಗೆ ಸಿಗಲಿಲ್ಲ. ಆಮೇಲೆ ಮನೆಯಲ್ಲಿ ‘ಅಕ್ಕನ್ನ ನೋಡಿ ಕಲಿ’ ಅನ್ನುವುದು ದಿನದ ಮಾತಾಯಿತು. ಹೇಳುವವರಿಗೆ ಅದು ಪ್ರೋತ್ಸಾಹ. ಕೇಳುವವನಿಗೆ ಅಲ್ಲ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ: ಇಬ್ಬರಲ್ಲಿ ಯಾರು ಜಾಣರು ಅಂತ ಅಪ್ಪ ಅಮ್ಮ ನಂಬಿದ್ದರೋ, ಮುಂದೆ ಅವರ ಅಂಕಗಳು ಇನ್ನೊಬ್ಬರಿಗಿಂತ ಇನ್ನಷ್ಟು ಮೇಲೆ ಹೋದವು. ಮನೆಯವರ ನಂಬಿಕೆಯೂ ಮಕ್ಕಳ ನಡುವೆ ಅಂತರ ಬೆಳೆಸಬಹುದು.

‘ಹಿರಿಯರಿಗೆ ಜವಾಬ್ದಾರಿ ಜಾಸ್ತಿ, ಕಿರಿಯರು ತುಂಟರು’ ಅನ್ನುವ ಮಾತೂ ಇಂಥದ್ದೇ. ಹುಟ್ಟಿದ ಕ್ರಮ ಸ್ವಭಾವವನ್ನು ರೂಪಿಸುತ್ತದೆ ಅಂತ ಆಲ್‌ಫ್ರೆಡ್ ಆಡ್ಲರ್ ಹೇಳಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು 2015ರಲ್ಲಿ ಪರಿಶೀಲಿಸಿದಾಗ, ಹುಟ್ಟಿದ ಕ್ರಮಕ್ಕೂ ಸ್ವಭಾವಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಹಾಗಾದರೆ ‘ಜಾಣ ಅಕ್ಕ’, ‘ಸೋಮಾರಿ ತಮ್ಮ’ ಅನ್ನುವುದು ಹೆಚ್ಚಾಗಿ ಮನೆ ಕೊಟ್ಟ ಪಾತ್ರಗಳು. ಕೊಟ್ಟ ಪಾತ್ರವನ್ನು ಬಿಡಬಹುದು.

ತಮ್ಮ ಕೆಲಸ ಸಿಕ್ಕ ಕೂಡಲೇ ಮೆಲ್ಬರ್ನ್‌ಗೆ ಹೋದ. ಹ್ಯೂಮ್ ಹೈವೇಯಲ್ಲಿ ಸುಮಾರು 880 ಕಿಲೋಮೀಟರ್. ಎರಡು ವರ್ಷ ನಮ್ಮ ನಡುವೆ ಹುಟ್ಟುಹಬ್ಬದ ಮೆಸೇಜ್ ಬಿಟ್ಟು ಬೇರೇನೂ ಇರಲಿಲ್ಲ. ಜಗಳವೂ ಇರಲಿಲ್ಲ, ಅದೇ ಕೆಟ್ಟದ್ದು.

ಆಮೇಲೆ ಹಾಸನದಲ್ಲಿ ಅಜ್ಜಿ ತೀರಿಕೊಂಡರು. ಅವನು ಮನೆಗೆ ಬಂದ. ಅಜ್ಜಿಯ ಫೋನು ಬಂದಾಗಲೆಲ್ಲ ಅವನು ‘ಅಜ್ಜಿ, ಊಟ ಆಯ್ತಾ?’ ಅಂತ ಕೇಳಿ, ಅಜ್ಜಿ ಹೇಳಿದ್ದಕ್ಕೆಲ್ಲ ‘ಹೂಂ’ ಅಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದ. ಅವನಿಗೆ ಅರ್ಥ ಆಗುವುದಿಲ್ಲ ಅಂದುಕೊಂಡಿದ್ದೆ. ಆ ರಾತ್ರಿ ಅಡುಗೆಮನೆಯಲ್ಲಿ ಅವನು ಇಂಗ್ಲಿಷ್‌ನಲ್ಲೇ ಹೇಳಿದ: ಅಜ್ಜಿ ಹೇಳಿದ ಪ್ರತಿಯೊಂದೂ ನನಗೆ ಅರ್ಥ ಆಗುತ್ತಿತ್ತು ಅಕ್ಕಾ, ಬಾಯಿ ತೆರೆಯಲು ಭಯ, ನೀನು ಪಕ್ಕದಲ್ಲೇ ಇರುತ್ತಿದ್ದೆ.

ನನ್ನ ಬಗ್ಗೆ ಭಯ ಯಾಕೆ ಅಂತ ಕೇಳಿದೆ. ಅವನಿಗೆ ಏಳು ವರ್ಷ ಇದ್ದಾಗ, ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ನನ್ನ ಗೆಳತಿಯರ ಎದುರಿಗೆ ‘ಅಪ್ಪ ಬಂದ್ಲು’ ಅಂದಿದ್ದನಂತೆ. ನಾವೆಲ್ಲ ನಕ್ಕೆವಂತೆ. ನಾನು ಅದನ್ನು ವಾರಗಟ್ಟಲೆ ಅಣಕಿಸಿದೆನಂತೆ. ನನಗೆ ಒಂಚೂರೂ ನೆನಪಿಲ್ಲ. ಅವನಿಗೆ ನಾನು ಹಾಕಿದ್ದ ಲಂಗದ ಬಣ್ಣವೂ ನೆನಪಿತ್ತು.

ಒಡಹುಟ್ಟಿದವರ ಸಂಬಂಧ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ಇನ್ನೊಂದು ಮಾತು. 1938ರಲ್ಲಿ ಶುರುವಾದ ಹಾರ್ವರ್ಡ್‌ನ ದೀರ್ಘ ಅಧ್ಯಯನದ ಗಂಡಸರ ಬಗ್ಗೆ 2007ರಲ್ಲಿ ಒಂದು ವರದಿ ಬಂತು. ಇಪ್ಪತ್ತು ವರ್ಷಕ್ಕೆ ಮುಂಚೆ ಒಡಹುಟ್ಟಿದವರ ಜೊತೆ ಸಂಬಂಧ ಸರಿಯಿಲ್ಲದವರಲ್ಲಿ, ಐವತ್ತರ ಒಳಗೆ ಖಿನ್ನತೆ ಹೆಚ್ಚಾಗಿ ಕಂಡಿತು. ಅಪ್ಪ ಅಮ್ಮ ಹೇಗೆ ಬೆಳೆಸಿದರು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಒಂದರಿಂದಲೇ ಇನ್ನೊಂದು ಆಗುತ್ತದೆ ಅಂತ ಇದರ ಅರ್ಥವಲ್ಲ. ಆದರೂ ಹಗುರವಾಗಿ ತೆಗೆದುಕೊಳ್ಳುವ ಸಂಬಂಧ ಇದಲ್ಲ.

ವಲಸೆ ಬಂದ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಹಾಸನದ ಮನೆಯಲ್ಲಿ ಬೇಸಿಗೆ ರಜಕ್ಕೆ ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮನ ಮಕ್ಕಳು ಎಲ್ಲ ಸೇರಿ ಹನ್ನೊಂದು ಜನ. ಅವರೆಲ್ಲ ಅಣ್ಣ, ಅಕ್ಕ, ತಮ್ಮ, ತಂಗಿಯರೇ. ಒಬ್ಬರ ಜೊತೆ ಟೂ ಬಿಟ್ಟರೆ ಇನ್ನೊಬ್ಬರು ರಾಜಿ ಮಾಡಿಸುತ್ತಿದ್ದರು. ಇಲ್ಲಿ ನಾವು ಇಬ್ಬರೇ. ಇಬ್ಬರೂ ಮುನಿಸಿಕೊಂಡರೆ ನಡುವೆ ಬರುವವರು ಯಾರೂ ಇಲ್ಲ. ಆಸ್ಟ್ರೇಲಿಯಾದಲ್ಲಿ 1961ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 3.5 ಮಕ್ಕಳು, 2023ರಲ್ಲಿ 1.5. ಒಬ್ಬರೇ ಮಗುವಾಗಿ ಬೆಳೆದವರು ಇದನ್ನು ಕೇಳಿ ಬೇಸರ ಮಾಡಿಕೊಳ್ಳಬೇಡಿ. 115 ಅಧ್ಯಯನಗಳನ್ನು ಒಟ್ಟುಗೂಡಿಸಿದ 1986ರ ಪರಿಶೀಲನೆಯಲ್ಲಿ, ಒಬ್ಬರೇ ಬೆಳೆದವರು ಉಳಿದವರಿಗಿಂತ ಯಾವುದರಲ್ಲೂ ಕಡಿಮೆ ಇರಲಿಲ್ಲ. ನಿಮಗೆ ಪಕ್ಕದ ಮನೆಯ ಅಕ್ಕ, ಕನ್ನಡ ಶಾಲೆಯ ತಮ್ಮ ಸಿಗಬಹುದು. ಅಣ್ಣ, ಅಕ್ಕ ಅಂತ ಕರೆಯಲು ರಕ್ತಸಂಬಂಧವೇ ಬೇಕು ಅಂತ ಕನ್ನಡ ಯಾವತ್ತೂ ಹೇಳಿಲ್ಲ.

ಈಗ ನಾವಿಬ್ಬರೂ ಭಾನುವಾರ ಸಂಜೆ ಫೋನಿನಲ್ಲಿ ಮಾತಾಡುತ್ತೇವೆ. ಮೊದಲ ಹತ್ತು ನಿಮಿಷ ಕನ್ನಡ. ಅವನು ತಪ್ಪು ಮಾಡಿದರೆ ನಾನು ತಿದ್ದುವುದಿಲ್ಲ, ಅವನು ಕೇಳಿದರೆ ಮಾತ್ರ ಹೇಳುತ್ತೇನೆ. ಮೊದಲ ವಾರ ಹತ್ತು ನಿಮಿಷ ಕಳೆಯುವುದೇ ಕಷ್ಟವಾಗಿತ್ತು. ಬರೀ ಅಡುಗೆ, ಹವಾಮಾನ, ಅಪ್ಪನ ಬಿಪಿ ಮಾತ್ರೆ. ಈಗ ಗಡಿಯಾರ ನೋಡುವುದು ಮರೆತುಹೋಗುತ್ತದೆ. ಅಜ್ಜಿಯ ಜೊತೆ ಅವನು ಆಡಬೇಕಾಗಿದ್ದ ಮಾತು ಮಾತ್ರ ವಾಪಸ್ ಬರುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ನೀವು ಹಿರಿಯರಾಗಿದ್ದರೆ, ತಮ್ಮ ತಂಗಿಯರ ಕನ್ನಡಕ್ಕೆ ನಗಬೇಡಿ. ಅವರ ಜೊತೆ ದಿನಕ್ಕೆ ನಾಲ್ಕು ಮಾತಾದರೂ ಕನ್ನಡದಲ್ಲಿ ಆಡಿ. ನೀವು ಕಿರಿಯರಾಗಿದ್ದರೆ, ಮನಸ್ಸಿಗೆ ನೋವಾಗಿದ್ದನ್ನು ಹದಿನೈದು ವರ್ಷ ಇಟ್ಟುಕೊಳ್ಳಬೇಡಿ, ಹೇಳಿಬಿಡಿ. ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಕ್ಕಿಲ್ಲ. ‘ಅಕ್ಕನ್ನ ನೋಡು’ ಅಂತ ಯಾರಾದರೂ ಹೇಳಿದಾಗ, ಆ ಅಕ್ಕನೇ ‘ಅವನನ್ನು ಅವನ ಪಾಡಿಗೆ ಬಿಡಮ್ಮ’ ಅಂದುಬಿಡಲಿ. ನಾನು ಅಂದಿರಲಿಲ್ಲ. ನಾಳೆ ಅಪ್ಪ ಅಮ್ಮನಿಗೆ ವಯಸ್ಸಾದಾಗ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವವರು ಅವರೇ.

ನಮ್ಮ ಕಡೆ ನಾಗರಪಂಚಮಿಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಚ್ಚಿ ತೊಳೆಯುವ ಪದ್ಧತಿ ಇದೆ. ಈ ಸಲ ಆ ಹಬ್ಬಕ್ಕೆ ನಾನು ಮೆಲ್ಬರ್ನ್‌ಗೆ ಹೊರಟಿದ್ದೇನೆ. ಟಿಕೆಟ್ ಆಗಿದೆ. ನೀವು ಅಷ್ಟು ದೂರ ಹೋಗಬೇಕಿಲ್ಲ, ಪಕ್ಕದ ರೂಮಿನ ಬಾಗಿಲು ತಟ್ಟಿದರೂ ಆಯಿತು.